ಶಾಲಾ ಕಣ್ಣಿನ ತಪಾಸಣೆಗೆ ಹೊರಡುವ ಮುನ್ನ

ಮಾನ್ಯ ಸದಸ್ಯರೇ,

ಅಕ್ಟೋಬರ್ ತಿಂಗಳ ಎರಡನೆಯ ಗುರುವಾರ ವಿಶ್ವ ದೃಷ್ಟಿ ದಿನವಾಗಿರುವುದರಿಂದ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ತಪಾಸಣೆ ನಡೆಸುವವರು ಈಗಲೇ ಮುಖ್ಯೋಪಾಧ್ಯಾಯರೊಡನೆ ಮಾತನಾಡಿ ದಿನ ಗೊತ್ತುಪಡಿಸಿಕೊಳ್ಳಬೇಕಾಗಿ ವಿನಂತಿ.

ಮಲಯಾಳಂ ಅಥವಾ ಇಂಗ್ಲಿಷ್ ಚಾರ್ಟನ್ನಷ್ಟೇ ಒಯ್ಯಬೇಡಿ. ಒಂದನೆಯ ತರಗತಿಯ ಮಗು ಅಕ್ಷರ ಹೇಳದೆ ಸುಮ್ಮನಾದರೆ ಕಾರಣ ದೃಷ್ಟಿದೋಷವೋ, ಲಿಪಿಯ ಪರಿಚಯವಿಲ್ಲದಿರುವುದೋ ಎಂದು ತಿಳಿಯುವುದಿಲ್ಲ. ಆದುದರಿಂದ ಕನ್ನಡ ಚಾರ್ಟಿನ ಜೊತೆಗೆ, ಇಂಗ್ಲಿಷಿನ E ಆಕಾರವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಮುದ್ರಿಸಿರುವ, ಅದರ ದಿಕ್ಕನ್ನು ಕೈಯಿಂದ ತೋರಿಸಿದರೆ ಸಾಕಾಗುವ ‘ಇ’ ಚಾರ್ಟ್ ಕಡ್ಡಾಯವಾಗಿ ಇರಲಿ. ಮಗುವಿಗೂ ಚಾರ್ಟಿಗೂ ಅಂತರ 6 ಮೀಟರ್. ಪರೀಕ್ಷಿಸದ ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿಸಿ.

6/6 ಸಾಲನ್ನು (ಸಹಜ ದೃಷ್ಟಿಯವರು 6 ಮೀಟರ್ ದೂರದಿಂದ ಓದಬಲ್ಲ ಸಾಲು) ಓದಿದ ಮಗುವನ್ನು ಕೂಡಲೇ ಕಳುಹಿಸದೆ, +2.00 ಪವರಿನ ಲೆನ್ಸ್ ಹಿಡಿದು ಮತ್ತೊಮ್ಮೆ ಓದಿಸಿ; ಆಗಲೂ ಅದೇ ಸಾಲು ಸ್ಪಷ್ಟವಾಗಿ ಕಂಡರೆ ಹೈಪರ್‌ಮೆಟ್ರೋಪಿಯಾ (ದೂರದೃಷ್ಟಿ ದೋಷ; ಹತ್ತಿರದ್ದನ್ನು ನೋಡಲು ಕಣ್ಣು ಹೆಚ್ಚು ಶ್ರಮಪಡಬೇಕಾಗುವ ಸ್ಥಿತಿ) ಇರುವ ಸಂಭವ ಹೆಚ್ಚಿದ್ದು, ವಿವರವಾದ ಪರೀಕ್ಷೆಗೆ ಸೂಚಿಸಬೇಕಾಗುತ್ತದೆ. ‘ದೂರದ್ದು ಚೆನ್ನಾಗಿಯೇ ಕಾಣುತ್ತದೆ’ ಎಂಬ ಮಾತನ್ನು ನಂಬಿ ನಾವು ಕೈಬಿಡುವುದು ಇಂತಹ ಮಕ್ಕಳನ್ನೇ ಎಂಬುದು ನನ್ನ ಅನುಭವ. ಅವರ ತಲೆನೋವನ್ನು ಮನೆಯವರು ಓದಿನ ಸೋಮಾರಿತನವೆಂದು ತಿಳಿದಿರುತ್ತಾರೆ.

ಪೋಷಕರಿಗೆ ಕೊಡುವ ಚೀಟಿ ಕನ್ನಡದಲ್ಲಿರಲಿ, ಅದರ ಒಂದು ಪ್ರತಿ ತರಗತಿಯ ಅಧ್ಯಾಪಕರ ಬಳಿಯೂ ಇರಲಿ. ಒಂದು ತಿಂಗಳ ಬಳಿಕ ಕನ್ನಡಕ ಬಂದಿದೆಯೇ ಎಂದು ಅವರಲ್ಲಿ ವಿಚಾರಿಸಿ.