ಕ್ರಿಸ್‌ಮಸ್ ಮುಗಿದ ಮೇಲೆ, ಸಂಕ್ರಾಂತಿಗೆ ಮುಂಚೆ: ಬಳ್ಳಾರಿಯಲ್ಲಿ ನಾನು ಸೇಲ್ ಖರೀದಿ ಮಾಡುವ ರೀತಿ

ಡಿಸೆಂಬರ್ 26ರಿಂದ ಸಂಕ್ರಾಂತಿ ತನಕ. ನಮ್ಮ ಮನೆಯ ದೊಡ್ಡ ಖರೀದಿಯೆಲ್ಲಾ ಈ ಸಮಯದಲ್ಲೇ ಆಗುತ್ತದೆ. ದೀಪಾವಳಿಗೆ ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ ತರುತ್ತೇವೆ, ಅಷ್ಟೇ. ಉಳಿದದ್ದಕ್ಕೆಲ್ಲಾ ಕಾಯುತ್ತೇವೆ.

ನಾನು ಕೌಲ್ ಬಜಾರ್‌ನವಳು. ಮದುವೆಗೆ ಮುಂಚೆಯೂ ಆಮೇಲೂ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕೆಲಸ ಮಾಡಿದ್ದೇನೆ. ಈಗ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಹೊಲಿಯುತ್ತೇನೆ. ಮಾಲು ಹೇಗೆ ತಯಾರಾಗುತ್ತದೆ, ಯಾಕೆ ಉಳಿಯುತ್ತದೆ, ಉಳಿದದ್ದು ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಸೇಲ್ ಬೋರ್ಡ್ ಕಂಡಾಗ ನನ್ನ ಮೊದಲ ಪ್ರಶ್ನೆ ಒಂದೇ: ಈ ಮಾಲು ಈಗಲೇ ಖಾಲಿ ಆಗಬೇಕು ಅಂತ ಅಂಗಡಿಯವರಿಗೆ ಯಾಕೆ ಅನಿಸಿದೆ? ಅದಕ್ಕೆ ಸರಿಯಾದ ಕಾರಣ ಕಂಡರೆ ರೇಟು ನಿಜಕ್ಕೂ ಇಳಿದಿರುತ್ತದೆ. ಕಾರಣ ಕಾಣದಿದ್ದರೆ ನಾನು ಮುಂದಿನ ಅಂಗಡಿಗೆ ನಡೆಯುತ್ತೇನೆ.

ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಡಿಸೆಂಬರ್ 26ನ್ನು ಬಾಕ್ಸಿಂಗ್ ಡೇ ಎನ್ನುತ್ತಾರೆ. ಹಬ್ಬಕ್ಕೆಂದು ತುಂಬಿಸಿಟ್ಟ ಮಾಲಿನಲ್ಲಿ ಉಳಿದದ್ದನ್ನು ಅವತ್ತಿನಿಂದ ಕಡಿಮೆ ಬೆಲೆಗೆ ಬಿಡುತ್ತಾರೆ. ನಮ್ಮ ಕಡೆ ದೊಡ್ಡ ಬ್ರ್ಯಾಂಡ್ ಅಂಗಡಿಗಳು ಡಿಸೆಂಬರ್ ಕೊನೆಗೆ ಚಳಿಗಾಲದ ಬಟ್ಟೆ ಖಾಲಿ ಮಾಡಲು ಶುರು ಮಾಡುತ್ತವೆ. ಬೇಸಿಗೆಯ ಮಾಲು ಬರುವ ಮುಂಚೆ ರ‍್ಯಾಕ್ ಖಾಲಿ ಆಗಬೇಕಲ್ವಾ. ಇನ್ನೊಂದು ಕಾರಣ ನಮ್ಮದೇ ಪಂಚಾಂಗದಲ್ಲಿದೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಮದುವೆ, ಗೃಹಪ್ರವೇಶ ಯಾವುದೂ ನಡೆಯುವುದಿಲ್ಲ. ಆಷಾಢದಲ್ಲಿ ಸೇಲ್ ಯಾಕೆ ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ಧನುರ್ಮಾಸದಲ್ಲೂ ಸೀರೆ ಅಂಗಡಿ, ಪಾತ್ರೆ ಅಂಗಡಿಗಳಿಗೆ ಅದೇ ಕಾರಣ ಇರುತ್ತದೆ. ಹೊರಗೆ ಬೋರ್ಡ್ ಹಾಕುವುದಿಲ್ಲ ಅಷ್ಟೇ. ಬಾಯಿಬಿಟ್ಟು ಕೇಳಬೇಕು.

ತಯಾರಿ ನವೆಂಬರ್‌ನಲ್ಲೇ ಶುರು. ಬೇಕಾದ ವಸ್ತುಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆಯುತ್ತೇನೆ. ಮಗನಿಗೆ ಶೂ, ಅತ್ತೆಗೆ ಶಾಲು, ಮೂರು ಲೀಟರ್ ಕುಕ್ಕರ್, ಹೀಗೆ. ಪ್ರತಿಯೊಂದರ ಮುಂದೆ ಆಗಿನ ರೇಟು, ಅಂಗಡಿ, ಮಾಡೆಲ್ ನಂಬರ್. ನಮ್ಮೂರಿನ ಅಂಗಡಿ ಬೀದಿ ಬೆಂಗಳೂರು ರಸ್ತೆಗೆ ಬೇರೆ ಕೆಲಸಕ್ಕೆ ಹೋದಾಗ ನೋಡಿಕೊಂಡು ಬರುತ್ತೇನೆ. ಮೊಬೈಲ್‌ನಲ್ಲಿ ಅದೇ ಮಾಡೆಲ್‌ನ ರೇಟು ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತೇನೆ. ಸೇಲ್‌ಗೆ ಮುಂಚಿನ ಬೆಲೆ ಕೈಯಲ್ಲಿ ಇಲ್ಲದವರಿಗೆ ಸೇಲ್‌ನ ಬೆಲೆ ಕಡಿಮೆಯೋ ಅಲ್ಲವೋ ಅಂತ ಹೇಳಲು ದಾರಿಯೇ ಇಲ್ಲ. 2,000 ರೂಪಾಯಿ ಎಂಆರ್‌ಪಿ ಇರುವ ಪ್ಯಾಂಟನ್ನು ನವೆಂಬರ್‌ನಲ್ಲೂ 1,200ಕ್ಕೇ ಮಾರುತ್ತಿದ್ದರೆ, ಜನವರಿಯಲ್ಲಿ '40% ಆಫ್' ಅಂದರೆ ಏನು ಉಳಿಯಿತು? ಒಂದು ಪೈಸೆಯೂ ಇಲ್ಲ.

ಶೇಕಡಾ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. '50% + 20%' ಅಂದರೆ 70 ಅಲ್ಲ. 1,000 ರೂಪಾಯಿಯದು ಮೊದಲು 500 ಆಗುತ್ತದೆ. ಆ 500ರಲ್ಲಿ 20% ಅಂದರೆ 100 ಕಳೆದು 400 ಆಗುತ್ತದೆ. ಒಟ್ಟು 60%. 'ಎರಡು ಕೊಂಡರೆ ಒಂದು ಫ್ರೀ' ಅಂದರೆ 33%. ಅದೂ ಮೂರೂ ಒಂದೇ ಬೆಲೆಯದಾಗಿದ್ದರೆ. ಫ್ರೀ ಕೊಡುವುದು ಮೂರರಲ್ಲಿ ಕಡಿಮೆ ಬೆಲೆಯದನ್ನು. 'ಅಪ್ ಟು 70%' ಬೋರ್ಡ್ ಇದ್ದಲ್ಲಿ ಆ 70 ಯಾವ ರ‍್ಯಾಕಿಗೆ ಅಂತ ಒಳಗೆ ಹೋದ ಕೂಡಲೇ ಕೇಳುತ್ತೇನೆ. ಸಾಮಾನ್ಯವಾಗಿ ಅದು ಮೂಲೆಯ ಒಂದು ರ‍್ಯಾಕ್. ಆದರೆ ಆ ಮೂಲೆಯನ್ನು ನಾನು ಬಿಡುವುದಿಲ್ಲ. ಅಲ್ಲಿ ಇರುವುದು ನಿಜವಾಗಿ ಖಾಲಿ ಆಗಬೇಕಾದ ಮಾಲು.

ಎಂಆರ್‌ಪಿಯಲ್ಲಿ ಎಲ್ಲಾ ತೆರಿಗೆ ಸೇರಿರುತ್ತದೆ. ಎಂಆರ್‌ಪಿ ಮೇಲೆ ರಿಯಾಯಿತಿ ಅಂತ ಹೇಳಿ, ಬಿಲ್ ಹಾಕುವಾಗ ಮತ್ತೆ ತೆರಿಗೆ ಸೇರಿಸುವುದು ತಪ್ಪು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಒಂದು ಅಂಗಡಿಯಲ್ಲಿ ಹುಡುಗ ಹಾಗೆ ಬಿಲ್ ಮಾಡಿದ. "ತಮ್ಮಾ, ಟ್ಯಾಗ್ ಮೇಲೆ ಏನ್ ಬರ್ದಿದೆ ಓದು" ಅಂದೆ. ಎಲ್ಲಾ ತೆರಿಗೆ ಸೇರಿ ಅಂತ ಅಲ್ಲೇ ಅಚ್ಚಾಗಿತ್ತು. ಮ್ಯಾನೇಜರ್‌ನ ಕರೆದ, ಬಿಲ್ ಸರಿಯಾಯಿತು. ಜಗಳ ಬೇಕಾಗಲಿಲ್ಲ.

ಈಗ ಜೀನ್ಸ್. ಬಳ್ಳಾರಿಯಲ್ಲಿದ್ದುಕೊಂಡು ಜೀನ್ಸ್‌ಗೆ ಪೂರ್ತಿ ರೇಟು ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇಲ್ಲಿ ಹೊಲಿದ ಪ್ಯಾಂಟು ಬೇರೆ ರಾಜ್ಯಗಳಿಗೆಲ್ಲಾ ಹೋಗುತ್ತದೆ. ಹೋಲ್‌ಸೇಲ್‌ನಲ್ಲಿ ಮಾಲು ಹೋಗುವುದು ಸೆಟ್ ಲೆಕ್ಕದಲ್ಲಿ: 28, 30, 32, 34, 36 ಸೈಜ್ ಸೇರಿ ಒಂದು ಸೆಟ್. ಅದರಲ್ಲಿ ಒಂದು ಸೈಜ್ ಕಮ್ಮಿ ಬಿದ್ದರೆ ಉಳಿದ ನಾಲ್ಕು ಎಷ್ಟೇ ಚೆನ್ನಾಗಿದ್ದರೂ ಹೋಲ್‌ಸೇಲ್‌ನವರಿಗೆ ಬೇಡ. ಹಬ್ಬದ ಆರ್ಡರ್‌ಗಳೆಲ್ಲಾ ಕಳಿಸಿದ ಮೇಲೆ ಇಂಥ ಸೆಟ್ ಮುರಿದ ಮಾಲು ಗಂಟುಗಂಟಾಗಿ ಉಳಿಯುತ್ತದೆ. ಅದನ್ನೇ ಚಿಲ್ಲರೆ ಅಂಗಡಿಯವರು ತಂದು ರಾಶಿ ಹಾಕುವುದು. ಈ ರಾಶಿಯಲ್ಲಿ ಒಳ್ಳೆಯದೂ ಇರುತ್ತದೆ, ಹೊಲಿಗೆ ತಪ್ಪಿದ್ದೂ ಇರುತ್ತದೆ. ಬೇರ್ಪಡಿಸುವ ಕೆಲಸ ನಮ್ಮದು.

ನಾನು ಮೊದಲು ಪ್ಯಾಂಟನ್ನು ಒಳಮೈ ಹೊರಗೆ ಮಾಡುತ್ತೇನೆ. ಹೊರಗಿನ ಅಂದ ವಾಶಿಂಗ್‌ನದು, ಒಳಗಿನ ಹೊಲಿಗೆ ದರ್ಜಿಯದು. ಕಾಲುಗಳ ನಡುವೆ ನಾಲ್ಕು ಹೊಲಿಗೆ ಸೇರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡುತ್ತೇನೆ. ಅಲ್ಲಿ ದಾರ ಬಾಯಿ ಬಿಟ್ಟರೆ ಬೇಡ, ಮೊದಲು ಹರಿಯುವುದೇ ಆ ಜಾಗ. ಆಮೇಲೆ ಬೆಲ್ಟ್ ಲೂಪ್, ಜೇಬಿನ ಮೂಲೆ, ಜಿಪ್‌ನ ಕೆಳಗಡೆ. ಅಲ್ಲೆಲ್ಲಾ ಒತ್ತೊತ್ತಾಗಿ ಹೊಲಿದ ಬಾರ್‌ಟ್ಯಾಕ್ ಇರಬೇಕು. ಬೆಲ್ಟ್ ಲೂಪಿಗೆ ಬರೀ ಸಾದಾ ಹೊಲಿಗೆ ಹಾಕಿದ್ದರೆ ಸ್ವಲ್ಪ ದಿನಕ್ಕೇ ಕಿತ್ತು ಬರುತ್ತದೆ. ಜಿಪ್ಪನ್ನು ನಿಧಾನವಾಗಿ ಕೆಳಗೆ ಮೇಲೆ ಎಳೆದು ನೋಡಬೇಕು. ಜೋರಾಗಿ ಎಳೆದರೆ ಎಲ್ಲಿ ತಡೆಯುತ್ತದೆ ಅಂತ ಗೊತ್ತಾಗುವುದಿಲ್ಲ.

ಮುಂದಿನದು ಜಾಸ್ತಿ ಜನ ನೋಡದ ಎರಡು ವಿಷಯ. ಪ್ಯಾಂಟನ್ನು ಕೌಂಟರ್ ಮೇಲೆ ಚಪ್ಪಟೆಯಾಗಿ ಹಾಸಿ ಪಕ್ಕದ ಹೊಲಿಗೆ ಎಲ್ಲಿ ಹೋಗುತ್ತದೆ ನೋಡಿ. ಸೊಂಟದಿಂದ ಕೆಳಗೆ ಬರುತ್ತಾ ಅದು ಮುಂದಕ್ಕೆ ತಿರುಗಿದ್ದರೆ, ಒಗೆದ ಹಾಗೆಲ್ಲಾ ಇನ್ನೂ ತಿರುಗುತ್ತದೆ, ಹಾಕಿಕೊಂಡಾಗ ಕಾಲು ಸೊಟ್ಟ ಕಾಣುತ್ತದೆ. ಇನ್ನೊಂದು, ಎರಡು ಕಾಲಿನ ಬಣ್ಣ. ಬೇರೆ ಬೇರೆ ಥಾನಿನಿಂದ ಕತ್ತರಿಸಿದ ಬಟ್ಟೆ ಒಂದೇ ಪ್ಯಾಂಟಿಗೆ ಬಂದರೆ ಒಂದು ಕಾಲು ಚೂರು ಮಾಸಲು ಇರುತ್ತದೆ. ಅಂಗಡಿಯ ಬಿಳಿ ದೀಪದ ಕೆಳಗೆ ಗೊತ್ತಾಗುವುದಿಲ್ಲ. ಬಾಗಿಲ ಹತ್ತಿರ ಬಿಸಿಲಿಗೆ ತಂದು ನೋಡಬೇಕು. ಕಡುನೀಲಿ ಆದರೆ ಕರ್ಚೀಫ್ ಒದ್ದೆ ಮಾಡಿ ಒಳಗಡೆ ಉಜ್ಜುತ್ತೇನೆ. ಸ್ವಲ್ಪ ಬಣ್ಣ ಬಂದರೆ ಪರವಾಗಿಲ್ಲ, ಇಂಡಿಗೋ ಬಿಡುತ್ತದೆ. ಕರ್ಚೀಫ್ ಪೂರ್ತಿ ನೀಲಿ ಆದರೆ ಬೇಡ. ಉದ್ದ ಜಾಸ್ತಿ ಇರುವುದು, ಗುಂಡಿ ಸಡಿಲ ಇರುವುದು, ಒಂದು ಕಡೆ ದಾರ ಬಿಟ್ಟಿರುವುದು ಇವೆಲ್ಲಾ ಮನೆಯಲ್ಲಿ ಸರಿಯಾಗುವ ವಿಷಯ. ಅದನ್ನು ತೋರಿಸಿಯೇ ಇನ್ನೂ ಕಡಿಮೆ ಮಾಡಿಸುತ್ತೇನೆ.

ಸ್ವೆಟರ್, ರಗ್ಗುಗಳಿಗೆ ಬಳ್ಳಾರಿಯಲ್ಲಿ ಜನವರಿ ಎರಡನೇ ವಾರವೇ ಸರಿಯಾದ ಸಮಯ. ನಮ್ಮೂರ ಚಳಿ ಎಷ್ಟು ದಿನ ಇರುತ್ತದೆ ಹೇಳಿ. ಅದು ಅಂಗಡಿಯವರಿಗೂ ಗೊತ್ತು. ಬೆಂಗಳೂರಲ್ಲೋ ಧಾರವಾಡದಲ್ಲೋ ಓದುವ ಮಕ್ಕಳಿದ್ದರೆ ಮುಂದಿನ ವರ್ಷಕ್ಕೆ ಈಗಲೇ ತೆಗೆದಿಡಬಹುದು. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡದು. ಒಳಗಿನ ಲೇಬಲ್‌ನಲ್ಲಿ ಉಣ್ಣೆ ಎಷ್ಟು, ಅಕ್ರಿಲಿಕ್ ಎಷ್ಟು ಅಂತ ಓದಿ. ಅಕ್ರಿಲಿಕ್‌ಗೆ ಉಣ್ಣೆಯ ರೇಟು ಕೊಡಬೇಡಿ.

ಶೂ ವಿಷಯದಲ್ಲಿ ಮಾತ್ರ ಹಳೆಯ ಸ್ಟಾಕ್‌ಗೆ ನಾನು ಕೈ ಹಾಕುವುದಿಲ್ಲ. ಪಿಯು (ಪಾಲಿಯುರಿಥೇನ್) ಸೋಲ್ ಬಹಳ ಕಾಲ ಗೋದಾಮಿನಲ್ಲಿ ಕೂತರೆ, ಹಾಕದೇ ಇದ್ದರೂ ಒಳಗೊಳಗೇ ಪುಡಿಯಾಗುತ್ತಾ ಹೋಗುತ್ತದೆ. ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಎರಡು ವರ್ಷ ದಾಟಿದ್ದರೆ ಎಷ್ಟೇ ಕಡಿಮೆ ಮಾಡಿದರೂ ವಾಪಸ್ ಇಡುತ್ತೇನೆ.

ಸೀರೆ ಅಂಗಡಿಯಲ್ಲಿ ರೀತಿಯೇ ಬೇರೆ. ಮೇ ತಿಂಗಳಲ್ಲಿ ತಂಗಿ ಮಗಳ ಮದುವೆ ಅಂದರೆ ಸೀರೆ ನೋಡುವುದು ಧನುರ್ಮಾಸದಲ್ಲೇ. ವಾರದ ನಡುವಿನ ದಿನ, ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಹೋಗುತ್ತೇನೆ. ಅಂಗಡಿ ಖಾಲಿ ಇರುತ್ತದೆ, ಮಾಲೀಕರು ಗಲ್ಲಾದಲ್ಲೇ ಇರುತ್ತಾರೆ, ರೇಟು ಬಿಡುವ ಅಧಿಕಾರ ಇರುವುದು ಅವರಿಗೆ. ಬೋಣಿ ಹೊತ್ತಲ್ಲಿ ಹೋಗಿ ಎಳೆದಾಡುವುದು ನನಗೆ ಇಷ್ಟವಿಲ್ಲ, ಅವರ ಮನಸ್ಸಿಗೂ ಕಿರಿಕಿರಿ.

"ಅಣ್ಣಾ, ಸಂಕ್ರಾಂತಿ ಆದ್ಮೇಲೆ ಗಿರಾಕಿ ಬರೋದು ನಿಮ್ಗೂ ಗೊತ್ತು. ನಾನು ಈಗ್ಲೇ ಐದು ಸೀರೆ ಒಟ್ಟಿಗೆ ತಗೊಳ್ತೀನಿ, ನಗದು ಕೊಡ್ತೀನಿ. ಏನ್ ಮಾಡ್ಕೊಡ್ತೀರಿ?"

"ಅಕ್ಕಾ, ಹೊಸ ಸ್ಟಾಕ್ ಬಿಟ್ಟು ದಸರಾದ ಮಾಲಲ್ಲಿ ಆರ್ಸ್ಕೊಳ್ರಿ. ಅದ್ರಲ್ಲಿ ಬಿಡ್ತೀನಿ."

ಇದು ನನಗೆ ಬೇಕಾದ ಮಾತು. ದಸರಾಕ್ಕೆ ಬಂದು ಉಳಿದ ಸೀರೆಗೆ ಏನೂ ಆಗಿರುವುದಿಲ್ಲ. ಆದರೆ ಒಂದೊಂದು ಸೀರೆಯನ್ನೂ ಪೂರ್ತಿ ಬಿಚ್ಚಿಸಿ ನೋಡಬೇಕು. ತಿಂಗಳುಗಟ್ಟಲೆ ಮಡಿಸಿಟ್ಟದ್ದರಲ್ಲಿ ಮಡಿಕೆಯ ಗೆರೆಯ ಮೇಲೇ ಜರಿ ಕಪ್ಪಾಗಿರಬಹುದು, ರೇಷ್ಮೆ ಸೀಳಿರಬಹುದು. ಶೋಕೇಸ್ ಗೊಂಬೆಗೆ ಉಡಿಸಿದ್ದಾದರೆ ಒಂದು ಮಗ್ಗುಲು ಬಣ್ಣ ಹೋಗಿರುತ್ತದೆ.

ಬಳ್ಳಾರಿಯವರು ಈ ಸಮಯದಲ್ಲಿ ಮರೆಯಬಾರದ್ದು ಕೂಲರ್ ಮತ್ತು ಎಸಿ. ಇಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು. ಮಾರ್ಚ್‌ನಲ್ಲಿ ಕೂಲರ್ ಅಂಗಡಿ ಮುಂದೆ ನಿಲ್ಲಲು ಜಾಗ ಇರುವುದಿಲ್ಲ, ಆಗ ಯಾರು ತಾನೇ ರೇಟು ಬಿಡುತ್ತಾರೆ? ಜನವರಿ ಮೊದಲ ವಾರ ಕೇಳಿದರೆ ಹೋದ ಬೇಸಿಗೆಯ ಉಳಿಕೆ ತೋರಿಸುತ್ತಾರೆ. ಕೂಲರ್‌ಗೆ ಹೊಸ ಮಾಡೆಲ್, ಹಳೆ ಮಾಡೆಲ್ ಅಂತ ದೊಡ್ಡ ವ್ಯತ್ಯಾಸ ಇಲ್ಲ. ನಮ್ಮ ಗಡಸು ನೀರಿಗೆ ಪಂಪು, ಪ್ಯಾಡು ಹೇಗೂ ಬದಲಾಯಿಸುತ್ತಾ ಇರಬೇಕು. ನೀರು ಹಾಕಿಸಿ, ಓಡಿಸಿ, ಸದ್ದು ಕೇಳಿ ತನ್ನಿ.

ಎಸಿಯಲ್ಲಿ ಮಾತ್ರ ಸ್ಟಾರ್ ಲೇಬಲ್ ಮೇಲಿನ ವರ್ಷ ನೋಡಲೇಬೇಕು. ಕಡಿಮೆ ಕರೆಂಟ್ ತಿನ್ನುವುದಕ್ಕೆ ಜಾಸ್ತಿ ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ ಈ ಲೆಕ್ಕವನ್ನು ಆಗಾಗ ಬಿಗಿ ಮಾಡುತ್ತದೆ. ಎಸಿಗಳಿಗೆ 2026ರ ಜನವರಿ 1ರಿಂದ ಹೊಸ ಲೆಕ್ಕ ಬಂತು. ಹಳೆಯ ಲೇಬಲ್‌ನ ಐದು ಸ್ಟಾರ್ ಹೊಸ ಲೆಕ್ಕದಲ್ಲಿ ನಾಲ್ಕಕ್ಕೆ ಸಮ ಆಗಬಹುದು. ಹಳೆಯದು ಕೆಟ್ಟದ್ದು ಅಂತಲ್ಲ. ಅಗ್ಗಕ್ಕೆ ಸಿಕ್ಕರೆ ತಗೊಳ್ಳಿ, ಆದರೆ ನಾಲ್ಕು ಸ್ಟಾರ್‌ನ ರೇಟು ಕಟ್ಟಿ. ಅಂಗಡಿಯಲ್ಲಿ ಓಡಿಸಿಟ್ಟ ಡಿಸ್‌ಪ್ಲೇ ಪೀಸ್ ಆಗಿದ್ದರೆ, ವಾರಂಟಿ ಬಿಲ್ ದಿನದಿಂದ ಪೂರ್ತಿ ಇದೆ ಅಂತ ಬಿಲ್ ಮೇಲೇ ಬರೆಸಿಕೊಳ್ಳಿ.

ಕ್ರಿಸ್‌ಮಸ್ ಸಾಮಾನುಗಳೂ ಇವೆ. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆಗಳಿವೆ. ಅವರು ನಕ್ಷತ್ರದ ದೀಪ, ಗೋದಲಿಯ ಗೊಂಬೆಗಳನ್ನು ಹಬ್ಬ ಆದ ಮೇಲೆ ಕೊಂಡು ಅಟ್ಟಕ್ಕೆ ಹಾಕುತ್ತಾರೆ. ಸರದ ದೀಪಗಳನ್ನು ನಾನೂ ಆಗಲೇ ತರುತ್ತೇನೆ, ದೀಪಾವಳಿಗೆ ಆಗುತ್ತದೆ. ಕೇಕ್, ಚಾಕೊಲೇಟ್, ಗಿಫ್ಟ್ ಡಬ್ಬಗಳ ಮೇಲಿನ ದಿನಾಂಕ ಓದದೆ ತರಬೇಡಿ. ಅರ್ಧ ಬೆಲೆಯ ಡಬ್ಬದಲ್ಲಿ ವಾರದೊಳಗೆ ಮುಗಿಸಬೇಕಾದ ತಿಂಡಿಯೇ ಜಾಸ್ತಿ ಇರುತ್ತದೆ.

ಮೊಬೈಲ್‌ನಲ್ಲಿ ಕೊಳ್ಳುವವರಿಗೆ ಒಂದು ಮಾತು. 'ಇನ್ನು ಎರಡೇ ಉಳಿದಿವೆ', 'ಹತ್ತು ನಿಮಿಷದಲ್ಲಿ ಮುಗಿಯುತ್ತದೆ' ಅಂತ ಸುಮ್ನೆ ಅವಸರ ಮಾಡಿಸುವುದನ್ನು, ಕೇಳದೇ ಇದ್ದದ್ದನ್ನು ಬುಟ್ಟಿಗೆ ಸೇರಿಸುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದು ನಿಷೇಧಿಸಿದೆ. ಹಣ ಕಟ್ಟುವ ಮುಂಚೆ ಕೊನೆಯ ಪುಟದ ಒಟ್ಟು ಮೊತ್ತವನ್ನು ಸಾಲುಸಾಲಾಗಿ ಓದಿ.

ಬಿಲ್ ಇಲ್ಲದೆ ನಾನು ಏನನ್ನೂ ತರುವುದಿಲ್ಲ. ಬೀದಿ ಬದಿಯ ರಾಶಿಯದು ಬಿಟ್ಟರೆ, ಅಲ್ಲಿ ನನ್ನ ಕಣ್ಣೇ ಬಿಲ್ಲು. 'ಸೇಲ್ ಮಾಲು, ವಾಪಸ್ ಇಲ್ಲ' ಅಂತ ಗೋಡೆಗೆ ಅಂಟಿಸಿರುತ್ತಾರೆ. ಬಣ್ಣ ಇಷ್ಟ ಆಗಲಿಲ್ಲ ಅಂತ ವಾಪಸ್ ಕೊಡಲು ಆಗುವುದಿಲ್ಲ, ಅದು ಸರಿಯೇ. ಆದರೆ ವಸ್ತುವಿನಲ್ಲೇ ದೋಷ ಇದ್ದರೆ ಮಾತು ಬೇರೆ. ಬಿಲ್ ಮೇಲೆ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ದೋಷದ ಮಾಲನ್ನು ವಾಪಸ್ ತೆಗೆದುಕೊಳ್ಳದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಮೊದಲು ಅಂಗಡಿಯವರ ಹತ್ತಿರವೇ ಸಮಾಧಾನವಾಗಿ ಮಾತಾಡಿ. ಬಿಲ್ಲು, ವಸ್ತುವಿನ ಫೋಟೊ ಎರಡೂ ಮೊಬೈಲ್‌ನಲ್ಲಿ ಇರಲಿ, ಸೇಲ್ ಬಿಲ್ಲಿನ ಅಕ್ಷರ ಬೇಗ ಮಾಸಿಹೋಗುತ್ತದೆ. ಆಮೇಲೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು.