ತಲಾ ಮೂರು ಲಕ್ಷ ಯಾರ ಮನೆಗೆ?

ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವುದು ನನ್ನ ಕೆಲಸ. ರಾಜ್ಯಗಳ ಆರ್ಥಿಕತೆಯ ಪಾಠ ಶುರುವಾಗುವ ಮುನ್ನ ಒಮ್ಮೆ ಉತ್ಸಾಹದಿಂದ ಕುಳಿತು ದೊಡ್ಡದೊಂದು ಚಾರ್ಟ್ ಬರೆದೆ. ಎಡಕ್ಕೆ ರಾಜ್ಯದ ಹೆಸರು, ಪಕ್ಕದಲ್ಲಿ ಒಟ್ಟು ಆಂತರಿಕ ಉತ್ಪನ್ನ (ವರ್ಷವೊಂದರಲ್ಲಿ ರಾಜ್ಯದೊಳಗೆ ನಡೆದ ಉತ್ಪಾದನೆಯ ಮೌಲ್ಯ), ಆಮೇಲೆ ತಲಾ ಆದಾಯ, ಕೊನೆಯಲ್ಲಿ ಮುಖ್ಯ ಉದ್ಯಮ. ಮಹಾರಾಷ್ಟ್ರ ಮೊದಲು, ಅದರ ಹಿಂದೆ ತಮಿಳುನಾಡು, ಕರ್ನಾಟಕ, ಗುಜರಾತ್, ಉತ್ತರ ಪ್ರದೇಶ. ನಮ್ಮ ರಾಜ್ಯದ ಸಾಲಿಗೆ ಕೆಂಪು ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ತಲಾ ಆದಾಯ ಮೂರು ಲಕ್ಷ ರೂಪಾಯಿ ದಾಟಿದೆ ಎಂದು ಹೆಮ್ಮೆಯಿಂದಲೇ ಹೇಳಿದೆ.

ಹಿಂದಿನ ಬೆಂಚಿನಿಂದ ಕಲಬುರಗಿ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ನಮ್ಮ ಮನೆಯಲ್ಲಿ ಐದು ಜನ ಇದ್ದೇವೆ. ಹಾಗಾದರೆ ವರ್ಷಕ್ಕೆ ಹದಿನೈದು ಲಕ್ಷ ಬರಬೇಕಲ್ಲವೇ?"

ತರಗತಿ ನಕ್ಕಿತು. ನಾನೂ ನಕ್ಕು, ಸರಾಸರಿ ಎಂದರೆ ಹಾಗೆಯೇ ಎಂದು ಹಾರಿಕೆಯ ಉತ್ತರ ಕೊಟ್ಟೆ. ಆದರೆ ಹುಡುಗ ನಗಲಿಲ್ಲ. ಉತ್ತರಕ್ಕಾಗಿ ಕಾಯುತ್ತ ನಿಂತೇ ಇದ್ದ. ಗಂಟೆ ಹೊಡೆದದ್ದು ನನ್ನ ಪುಣ್ಯ.

ಆ ಸಂಜೆ ಚಾರ್ಟನ್ನು ಮೊದಲಿನಿಂದ ಮಾಡಲು ಕುಳಿತೆ. ಮೊದಲು ಸಿಕ್ಕಿದ್ದು ನನ್ನದೇ ತಪ್ಪು. ಕರ್ನಾಟಕದ ಉತ್ಪನ್ನ 2011-12ರಲ್ಲಿ ಸುಮಾರು 6 ಲಕ್ಷ ಕೋಟಿ ರೂಪಾಯಿ, 2022-23ರಲ್ಲಿ 22 ಲಕ್ಷ ಕೋಟಿಗೂ ಹೆಚ್ಚು. ಹನ್ನೊಂದು ವರ್ಷಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಎಂದು ಟಿಪ್ಪಣಿ ಬರೆದಿದ್ದೆ. ಅದು ಚಾಲ್ತಿ ಬೆಲೆಯ, ಅಂದರೆ ಆಯಾ ವರ್ಷದ ಬೆಲೆಯಲ್ಲೇ ಹಾಕಿದ ಲೆಕ್ಕ. ಬೆಲೆಯೇರಿಕೆಯನ್ನು ಕಳೆದು, 2011-12ರ ಸ್ಥಿರ ಬೆಲೆಯಲ್ಲಿ ನೋಡಿದರೆ ಬೆಳವಣಿಗೆ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಇಪ್ಪತ್ತು ವರ್ಷ ಪಾಠ ಮಾಡಿದವಳು ಮಾಡಬಾರದ ತಪ್ಪು. ಅಂದಿನಿಂದ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ: ಒಂದೇ ವರ್ಷದಲ್ಲಿ ರಾಜ್ಯ ರಾಜ್ಯಗಳನ್ನು ಹೋಲಿಸುವುದಾದರೆ ಚಾಲ್ತಿ ಬೆಲೆ, ಒಂದೇ ರಾಜ್ಯವನ್ನು ವರ್ಷದಿಂದ ವರ್ಷಕ್ಕೆ ನೋಡುವುದಾದರೆ ಸ್ಥಿರ ಬೆಲೆ. ಅಂಕಿಗಳನ್ನು ರಿಸರ್ವ್ ಬ್ಯಾಂಕು ರಾಜ್ಯಗಳ ಬಗ್ಗೆ ಹೊರತರುವ ಅಂಕಿಅಂಶ ಕೈಪಿಡಿಯಿಂದಲೇ ತೆಗೆದುಕೊಳ್ಳುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ರ‍್ಯಾಂಕ್ ಪಟ್ಟಿಗಳಲ್ಲಿ ಒಂದು ರಾಜ್ಯಕ್ಕೆ ಬಜೆಟ್ಟಿನ ಅಂದಾಜು, ಇನ್ನೊಂದಕ್ಕೆ ಎರಡು ವರ್ಷ ಹಳೆಯ ಅಂಕಿ ಇರುವುದನ್ನು ನಾನೇ ಕಂಡಿದ್ದೇನೆ.

ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ರಾಜ್ಯದ ಆರ್ಥಿಕ ಸಮೀಕ್ಷೆಯ ಜಿಲ್ಲಾ ಪಟ್ಟಿಯಲ್ಲೇ ಇತ್ತು. 2021-22ರಲ್ಲಿ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಸುಮಾರು 6.2 ಲಕ್ಷ, ಕಲಬುರಗಿಯದು ಸುಮಾರು 1.25 ಲಕ್ಷ. ಒಂದೇ ರಾಜ್ಯದೊಳಗೆ ಐದು ಪಟ್ಟು ಅಂತರ. ರಾಜ್ಯದ ಉತ್ಪನ್ನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅದೊಂದೇ ಜಿಲ್ಲೆಯಿಂದ ಬರುತ್ತದೆ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಹೇಳಿತ್ತು. ವರದಿ ಕಪಾಟಿನಲ್ಲೇ ಇತ್ತು, ನಾನು ಚಾರ್ಟಿಗೆ ತಂದಿರಲಿಲ್ಲ.

ಇನ್ನರ್ಧ ಉತ್ತರಕ್ಕೆ ಹೆಚ್ಚು ತಡಕಾಡಬೇಕಾಯಿತು. ನಾವು ತಲಾ ಆದಾಯ ಎಂದು ಕರೆಯುವುದು ನಿಜದಲ್ಲಿ ರಾಜ್ಯದ ಗಡಿಯೊಳಗೆ ನಡೆದ ಉತ್ಪಾದನೆಯನ್ನು ತಲೆ ಎಣಿಸಿ ಹಂಚಿದ ಮೊತ್ತ. ದುಡಿಮೆ ಎಲ್ಲಿ ನಡೆಯಿತು ಎಂಬುದನ್ನು ಅದು ಹೇಳುತ್ತದೆ. ಹಣ ಯಾರ ಮನೆಗೆ ಹೋಯಿತು ಎಂದು ಹೇಳುವುದಿಲ್ಲ. ತಲೆಗಳ ಎಣಿಕೆಯೂ 2011ರ ಜನಗಣತಿಯ ಮೇಲೆ ಕಟ್ಟಿದ ಅಂದಾಜೇ. ಸಿಕ್ಕಿಂ ಪಟ್ಟಿಯ ಮೇಲ್ತುದಿಯಲ್ಲಿದೆ, 2022-23ರಲ್ಲೇ ತಲಾ 5 ಲಕ್ಷ ದಾಟಿದೆ, ದೇಶದ ಸರಾಸರಿಯ ಮೂರು ಪಟ್ಟಿಗೂ ಹೆಚ್ಚು. ಜನ ಆರು ಲಕ್ಷದಷ್ಟು. ತೆರಿಗೆ ವಿನಾಯಿತಿಗೆ ಬಂದು ನೆಲೆಯೂರಿದ ಔಷಧ ಕಾರ್ಖಾನೆಗಳು, ತೀಸ್ತಾ ನದಿಯ ಜಲವಿದ್ಯುತ್ ಯೋಜನೆಗಳು ಆ ಪುಟ್ಟ ರಾಜ್ಯದ ಲೆಕ್ಕವನ್ನು ಮೇಲೆತ್ತಿವೆ. ಕಂಪನಿಯ ಲಾಭ ಹೊರಗೆ ಹೋದರೂ ಉತ್ಪಾದನೆ ಸಿಕ್ಕಿಂ ಖಾತೆಯಲ್ಲೇ ಉಳಿಯುತ್ತದೆ. ಕೇರಳದ ಕಥೆ ತದ್ವಿರುದ್ಧ. ಕೊಲ್ಲಿ ದೇಶಗಳಿಂದ ಮಕ್ಕಳು ಕಳಿಸುವ ಹಣದಿಂದ ಮನೆ ಏಳುತ್ತದೆ, ಚಿನ್ನ ಬರುತ್ತದೆ. ಆದರೆ ಆ ಹಣ ರಾಜ್ಯದ ಉತ್ಪನ್ನದಲ್ಲಿ ಸೇರುವುದಿಲ್ಲ.

ಹಾಗಾಗಿ ಚಾರ್ಟಿಗೆ ಬಳಕೆ ವೆಚ್ಚ ಎಂಬ ಹೊಸ ಕಂಬಸಾಲು (ಕಾಲಂ) ಸೇರಿಸಿದೆ. 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕೇರಳದಲ್ಲಿ ಒಬ್ಬರ ತಿಂಗಳ ಖರ್ಚು 5,924 ರೂಪಾಯಿ, ಗುಜರಾತಿನ ಹಳ್ಳಿಗಳಲ್ಲಿ 3,798, ಕರ್ನಾಟಕದಲ್ಲಿ 4,397, ದೇಶದ ಸರಾಸರಿ 3,773. ತಲಾ ಆದಾಯದಲ್ಲಿ ಗುಜರಾತ್ ಕೇರಳಕ್ಕೆ ಸೋಲುವ ರಾಜ್ಯವೇ ಅಲ್ಲ. ಆದರೂ ಜಾಮ್‌ನಗರದ ಭಾರೀ ತೈಲ ಸಂಸ್ಕರಣಾಗಾರ, ಸೂರತ್ತಿನ ವಜ್ರ, ಮೋರ್ಬಿಯ ಟೈಲ್ಸು, ಮುಂದ್ರಾ ಬಂದರು ಎಲ್ಲವೂ ಸೇರಿ ಹಳ್ಳಿಯ ಖರ್ಚನ್ನು ದೇಶದ ಸರಾಸರಿಯ ಆಸುಪಾಸಿಗಷ್ಟೇ ತಂದಿವೆ. ಈ ಕಂಬಸಾಲಿನಲ್ಲಿ ಸಿಕ್ಕಿಂ ನೆಲಕ್ಕೆ ಬೀಳುತ್ತದೆ ಎಂದು ಕಾದಿದ್ದೆ, ನನ್ನ ವಾದಕ್ಕೆ ಅದು ಅನುಕೂಲವಾಗಿತ್ತು. ಬೀಳಲಿಲ್ಲ. 7,731 ರೂಪಾಯಿಯೊಂದಿಗೆ ಅಲ್ಲೂ ಅದೇ ಮೊದಲು. ಆದಾಯದಲ್ಲಿ ಮೂರು ಪಟ್ಟು ಮೀರಿದ ಅಂತರ ಇಲ್ಲಿ ಎರಡು ಪಟ್ಟಿಗೆ ಇಳಿದಿತ್ತು ಎನ್ನುವುದಷ್ಟೇ ನನಗೆ ಸಿಕ್ಕ ಸಮಾಧಾನ.

ಮುಖ್ಯ ಉದ್ಯಮದ ಕಂಬಸಾಲನ್ನಂತೂ ಪೂರ್ತಿ ಹೊಡೆದುಹಾಕಬೇಕಾಯಿತು. ಅಸ್ಸಾಂ ಎಂದರೆ ಚಹಾ, ಕರ್ನಾಟಕ ಎಂದರೆ ಕಾಫಿ, ರೇಷ್ಮೆ ಎಂದು ಪ್ರಾಥಮಿಕ ಶಾಲೆಯ ನಕ್ಷೆಯಿಂದ ಎತ್ತಿ ಬರೆದಿದ್ದೆ. ದೇಶದ ಕಾಫಿಯ ಸುಮಾರು ಶೇ 70 ನಮ್ಮದು, ನಿಜ. ಆದರೆ ರಾಜ್ಯದ ಆರ್ಥಿಕತೆಯ ಮೂರನೆಯ ಎರಡು ಭಾಗ ಸೇವಾ ವಲಯದ್ದು. ಅದರ ಮುಂದೆ ಕಾಫಿಯ ಪಾಲು ಚಿಕ್ಕದು. (ಇದನ್ನು ಹೇಳಿದ ದಿನ ಕೊಡಗಿನ ಹುಡುಗಿಯೊಬ್ಬಳು ಮಾತು ಬಿಟ್ಟಳು.) ದೇಶದಲ್ಲಿ ಹೆಸರಾಗಿರುವುದು ಒಂದು, ರಾಜ್ಯವನ್ನು ಸಾಕುತ್ತಿರುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸಲು ವಿದ್ಯಾರ್ಥಿಗಳಿಗೆ ಸರಳ ಭಾಗಾಕಾರ ಕಲಿಸಿದೆ: ರಾಜ್ಯದ ಆರ್ಥಿಕತೆಯಲ್ಲಿ ಒಂದು ವಲಯದ ಶೇಕಡಾವಾರು ಪಾಲನ್ನು ದೇಶದಲ್ಲಿ ಅದೇ ವಲಯಕ್ಕಿರುವ ಪಾಲಿನಿಂದ ಭಾಗಿಸಿ. ಒಂದಕ್ಕಿಂತ ಹೆಚ್ಚು ಬಂದರೆ ಆ ರಾಜ್ಯ ಅದರಲ್ಲಿ ಕೈ ಪಳಗಿಸಿಕೊಂಡಿದೆ ಎಂದರ್ಥ. ಗುಜರಾತಿನ ಕೈಗಾರಿಕಾ ತಯಾರಿಕೆಗೆ ಎರಡರ ಸುತ್ತಮುತ್ತ ಬರುತ್ತದೆ. ಆರ್ಥಿಕತೆಯ ಶೇ 40ಕ್ಕಿಂತ ಹೆಚ್ಚು ಕೃಷಿ ಮತ್ತು ಅದರ ಬಳಗದ್ದೇ ಆಗಿರುವ ಮಧ್ಯಪ್ರದೇಶಕ್ಕೆ ಕೃಷಿಯಲ್ಲಿ ಎರಡು ದಾಟುತ್ತದೆ. ಆಂಧ್ರದ ಕೃಷಿಯೂ ದೊಡ್ಡದಾಗಿ ಬಂದಾಗ ಮಕ್ಕಳು ಭತ್ತ ಎಂದರು. ಒಳಗೆ ಬಗೆದು ನೋಡಿದರೆ ಸಿಗಡಿ ಮತ್ತು ಮೀನಿನ ಕೊಳಗಳು ಅದರಲ್ಲಿ ದೊಡ್ಡ ಭಾಗ.

ತಮಿಳುನಾಡಿಗೆ ಈ ಭಾಗಾಕಾರ ಸಾಲದು. ಅಲ್ಲಿ ಒಂದು ಉದ್ಯಮ ರಾಜ್ಯವನ್ನು ಹೊತ್ತಿಲ್ಲ, ಊರಿಗೊಂದು ಹೊತ್ತಿವೆ. ತಿರುಪ್ಪೂರಿಗೆ ಬನಿಯನ್ನು, ಕೊಯಮತ್ತೂರಿಗೆ ಪಂಪ್‌ಸೆಟ್ಟು, ಶಿವಕಾಶಿಗೆ ಪಟಾಕಿ, ಆಂಬೂರಿಗೆ ಚರ್ಮ, ಶ್ರೀಪೆರಂಬುದೂರಿಗೆ ಕಾರು. ದೇಶದ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಶೇ 40ಕ್ಕಿಂತ ಹೆಚ್ಚು ಮಂದಿ ಈ ಒಂದೇ ರಾಜ್ಯದಲ್ಲಿದ್ದಾರೆ. ನನ್ನ ಮಟ್ಟಿಗೆ ಇದು ಉತ್ಪನ್ನದ ಮೊತ್ತಕ್ಕಿಂತ ತೂಕದ ಸಂಗತಿ. ಬೆಂಗಳೂರಿನಲ್ಲಿ ಒಟ್ಟಾದ ನಮ್ಮ ದುಡ್ಡಿನ ಪಕ್ಕದಲ್ಲಿಟ್ಟು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಹಿಂದಿನ ವರ್ಷಗಳ ಅಂಕಿ ಜೋಡಿಸುವಾಗ ಗಡಿಗಳೇ ಕಾಲೆಳೆಯುತ್ತವೆ. 2014ಕ್ಕೆ ಮುಂಚಿನ ಆಂಧ್ರದೊಳಗೆ ತೆಲಂಗಾಣ ಇದೆ. 2000ಕ್ಕೆ ಮುಂಚಿನ ಬಿಹಾರದೊಳಗೆ ಜಾರ್ಖಂಡ್ ಇದೆ, ಗಣಿಗಳೂ ಜೆಮ್ಶೆಡ್‌ಪುರ, ಬೊಕಾರೊಗಳ ಉಕ್ಕೂ ಆ ಕಡೆಗೇ ಹೋದವು. ಬಿಹಾರ ಬಡವಾದದ್ದಕ್ಕೆ ಜನರ ಸೋಮಾರಿತನವೇ ಕಾರಣ ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದ. ಅವನಿಗೆ 1952ರಿಂದ ನಾಲ್ಕು ದಶಕ ನಡೆದ ಸಾಗಣೆ ದರ ಸಮಾನೀಕರಣ ನೀತಿಯನ್ನು (ಉಕ್ಕಿನಂಥ ಸರಕು ಎಷ್ಟು ದೂರ ಸಾಗಿದರೂ ದೇಶದಾದ್ಯಂತ ಒಂದೇ ಬೆಲೆ ಎಂಬ ನೀತಿ) ಓದಿಸಿದೆ. ಗಣಿಯ ಪಕ್ಕದಲ್ಲಿ ಸಿಗುವ ಬೆಲೆಗೇ ಉಕ್ಕು ಮುಂಬೈಯಲ್ಲೂ ಸಿಗುವುದಾದರೆ ಕಾರ್ಖಾನೆ ಕಟ್ಟುವವನು ಬಂದರಿನ ಹತ್ತಿರವೇ ಕಟ್ಟುತ್ತಾನೆ. ಪಶ್ಚಿಮ ಬಂಗಾಳಕ್ಕೂ ಇದರ ಪೆಟ್ಟು ಬಿತ್ತು, ಅದೊಂದೇ ಕಾರಣವಲ್ಲದಿದ್ದರೂ. ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯ 2024ರ ಪ್ರಬಂಧದಂತೆ 1960-61ರಲ್ಲಿ ದೇಶದ ಉತ್ಪನ್ನದಲ್ಲಿ ಬಂಗಾಳದ ಪಾಲು ಶೇ 10.5 ಇತ್ತು, 2023-24ರಲ್ಲಿ ಶೇ 5.6.

ಈಗ ಚಾರ್ಟಿನಲ್ಲಿ ಏಳು ಕಂಬಸಾಲುಗಳಿವೆ. ರ‍್ಯಾಂಕ್ ಸಂಖ್ಯೆ ಇಲ್ಲ. ಕರ್ನಾಟಕದ ಕೆಳಗೆ ಎರಡು ಹೆಚ್ಚುವರಿ ಸಾಲು: ಬೆಂಗಳೂರು ನಗರ, ಕಲಬುರಗಿ. ಎರಡನೆಯದನ್ನು ಬರೆದದ್ದು ಆ ಹುಡುಗನೇ. ಪೆನ್ಸಿಲಿನಲ್ಲಿ ಬರೆ ಎಂದು ಹೇಳಿದೆ, ಏಕೆಂದರೆ ಈ ಅಂದಾಜುಗಳನ್ನು ಸರ್ಕಾರ ವರ್ಷ ವರ್ಷ ತಿದ್ದುತ್ತಲೇ ಇರುತ್ತದೆ. ಅವನು 1.25 ಎಂದು ಬರೆದು, ಪಕ್ಕದಲ್ಲಿ ಐದರಿಂದ ಗುಣಿಸಿ, ಬಂದ ಉತ್ತರವನ್ನು ನೋಡಿ, "ಇದೂ ನಮ್ಮ ಮನೆಗೆ ಬರುವುದಿಲ್ಲ ಮೇಡಂ" ಎಂದ.