ಬಿಡದಿಯಿಂದ ಒಕಾಜಾಕಿಗೆ: ಜಪಾನೀ ಅನುವಾದ ನನ್ನ ಕಸುಬಾದ ಬಗೆ

ಜಪಾನೀ ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಎನ್‌ಒನ್ ಪಾಸಾದ್ರೆ ಅನುವಾದದ ಕೆಲಸ ಸಿಗುತ್ತಾ?" ಸಿಗುತ್ತದೆ. ಆ ಕೆಲಸದಲ್ಲಿ ಉಳಿಯುವುದು ಬೇರೆ ಮಾತು. ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುವ ಜಪಾನೀ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಎನ್‌ಒನ್ ಎಲ್ಲಕ್ಕಿಂತ ಮೇಲಿನದು. ಕಷ್ಟದ ಪರೀಕ್ಷೆಯೇ, ಇಲ್ಲವೆನ್ನುವುದಿಲ್ಲ. ಆದರೆ ಅದರಲ್ಲಿ ಓದಿ, ಕೇಳಿ, ಸರಿಯುತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು. ಸ್ವಂತವಾಗಿ ಒಂದು ವಾಕ್ಯವನ್ನೂ ಬರೆಯಬೇಕಿಲ್ಲ, ಬಾಯಿ ಬಿಟ್ಟು ಮಾತಾಡಬೇಕಿಲ್ಲ. ನನಗೆ ಅನ್ನ ಹಾಕಿದ್ದು ಬರವಣಿಗೆ. ಅದನ್ನು ನಾನು ಕಲಿತದ್ದು ಕಾರ್ಖಾನೆಯಲ್ಲಿ ಮತ್ತು ಬಾಡಿಗೆ ಮನೆಯ ಬೀದಿಯಲ್ಲಿ.

ಕನ್ನಡದವರಿಗೆ ಒಂದು ಅನುಕೂಲ ಇದೆ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯದಂಥವು ನಾಮಪದದ ಬೆನ್ನಿಗೆ ಅಂಟುತ್ತವೆ, ನಾವು "ಅಂತ" ಹಾಕುವ ಜಾಗದಲ್ಲೇ ಅವರೂ ಒಂದು "ಅಂತ" ಹಾಕುತ್ತಾರೆ. ಹಾಗಾಗಿ ವ್ಯಾಕರಣ ಬೇಗ ಕೈಗೆ ಹತ್ತುತ್ತದೆ. ಕಾಂಜಿ, ಅಂದರೆ ಚೀನೀ ಮೂಲದ ಬರಹದ ಅಕ್ಷರಗಳು, ಹತ್ತುವುದಿಲ್ಲ. 2010ರಲ್ಲಿ ಪರಿಷ್ಕರಿಸಿದ ದಿನಬಳಕೆಯ ಪಟ್ಟಿಯಲ್ಲೇ 2136 ಕಾಂಜಿಗಳಿವೆ. ಅದಕ್ಕೆ ಅಡ್ಡದಾರಿ ಇಲ್ಲ, ಬರೆದು ಬರೆದೇ ಕಲಿಯಬೇಕು.

ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾಲೂರಿದ ಮೇಲೆ ಸುತ್ತಮುತ್ತ ಬಿಡಿಭಾಗ ಮಾಡುವ ಜಪಾನೀ ಕಂಪನಿಗಳೂ ಬಂದವು. ಅಂಥದ್ದೊಂದರಲ್ಲಿ ನಾನು ದುಭಾಷಿಯಾಗಿ ಸೇರಿದೆ. ಐಚಿ ಪ್ರಾಂತ್ಯದ ಮಿಕಾವಾ ಕಡೆಯಿಂದ ಬಂದ ತಂತ್ರಜ್ಞರ ಮಾತನ್ನು ಮ್ಯಾನೇಜರುಗಳಿಗೆ ಇಂಗ್ಲಿಷಿನಲ್ಲಿ, ಲೈನಿನಲ್ಲಿ ನಿಂತವರಿಗೆ ಕನ್ನಡದಲ್ಲಿ ಹೇಳಬೇಕು. ತರಗತಿಯಲ್ಲಿ ಕೇಳಿದ ಟೋಕಿಯೋ ಜಪಾನೀ ಅಲ್ಲಿ ಕಿವಿಗೇ ಬೀಳುತ್ತಿರಲಿಲ್ಲ. ಮಿಕಾವಾದವರು ಮಾತಿನ ಕೊನೆಗೆ ಜಾನ್, ದಾರಾ, ರಿನ್ ಅಂತ ಸೇರಿಸುತ್ತಾರೆ. ಅದಕ್ಕೆ ಕಾರ್ಖಾನೆಯ ಗದ್ದಲವೂ ಕೂಡಿಕೊಂಡರೆ ಕೇಳಬೇಕೆ.

"ಮೇಡಂ, ಯಜಮಾನ್ರು ಬೈತಾ ಇದಾರಾ, ಕೇಳ್ತಾ ಇದಾರಾ?"

"ಬೈತಿಲ್ಲ ಅಣ್ಣ, ನಟ್ಟು ಎಷ್ಟು ಬಿಗಿ ಮಾಡಿದ್ರಿ ಅಂತ ಕೇಳ್ತಿದಾರೆ."

ದಿನದ ಅರ್ಧ ಹೀಗೇ ಹೋಗುತ್ತಿತ್ತು. ಉಳಿದರ್ಧ ಸಭೆ, ಸಭೆಯ ನಂತರ ನಡಾವಳಿ. ಜಪಾನೀ ಕಂಪನಿಗಳಲ್ಲಿ ನಡಾವಳಿ ಬರೆಯುವ ಕೆಲಸ ಬರುವುದು ಸಾಮಾನ್ಯವಾಗಿ ಎಲ್ಲರಿಗಿಂತ ಕಿರಿಯರ ಪಾಲಿಗೆ. ಯಾರು ಏನು ಮಾತಾಡಿದರು ಅನ್ನುವುದಕ್ಕೆ ಅಲ್ಲಿ ಬೆಲೆ ಇಲ್ಲ. ಏನು ತೀರ್ಮಾನವಾಯಿತು, ಏನು ಬಾಕಿ ಉಳಿಯಿತು, ಬಾಕಿಯನ್ನು ಯಾರು ಯಾವ ತಾರೀಖಿನೊಳಗೆ ಮುಗಿಸಬೇಕು, ಇಷ್ಟೇ. ನನ್ನ ಮೇಲಿನವರು ಕೆಂಪು ಪೆನ್ನು ಹಿಡಿದು ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ಅಂಚಿನಲ್ಲಿ "ಯಾರು? ಯಾವಾಗ?" ಎಂದು ಬರೆದು ವಾಪಸು ಕೊಡುತ್ತಿದ್ದರು. ಮುಂದೆ ಎ-ತ್ರೀ ಹಾಳೆ ಬಂತು. ಒಂದು ದೋಷದ ಕಥೆಯನ್ನೆಲ್ಲ, ಅಂದರೆ ಈಗಿನ ಸ್ಥಿತಿ, ಗುರಿ, ಐದು ಸಲ "ಯಾಕೆ" ಕೇಳಿ ಹುಡುಕಿದ ಕಾರಣ, ಪರಿಹಾರ, ಎಲ್ಲವನ್ನೂ ಒಂದೇ ಮಗ್ಗುಲಲ್ಲಿ ಹಿಡಿಸಬೇಕು. ಕನ್ನಡದಲ್ಲಿ ಲೇಖನ ಬರೆಯುವಾಗ ಇವತ್ತಿಗೂ ನನ್ನ ಕೈ ತಡೆಯುವುದು ಆ ಕೆಂಪು ಪೆನ್ನು.

ಅದೇ ನಂಟಿನಿಂದ ಐಚಿಯ ಒಕಾಜಾಕಿಗೆ ಬಂದೆ. ಕಂಪನಿಯ ದಾಖಲೆ ವಿಭಾಗದಲ್ಲಿ ಅನುವಾದಕಿ. ವೀಸಾದ ಬಗ್ಗೆ ಕೇಳುವವರಿಗೆ: ಅನುವಾದ "ತಂತ್ರಜ್ಞ, ಮಾನವಿಕ ತಜ್ಞ, ಅಂತರರಾಷ್ಟ್ರೀಯ ಸೇವೆ" ಎಂಬ ಉದ್ದ ಹೆಸರಿನ ವರ್ಗದಡಿ ಬರುತ್ತದೆ. ಅಂತರರಾಷ್ಟ್ರೀಯ ಸೇವೆಗೆ ಮೂರು ವರ್ಷದ ಅನುಭವ ಕೇಳುತ್ತಾರೆ, ಆದರೆ ಪದವೀಧರರಿಗೆ ಅನುವಾದ, ದುಭಾಷಿ ಕೆಲಸ ಮತ್ತು ಭಾಷಾ ಬೋಧನೆಯಲ್ಲಿ ಆ ನಿಯಮದಿಂದ ವಿನಾಯಿತಿ ಇದೆ.

ಇಲ್ಲಿಗೆ ಬಂದ ಮೇಲೆ ಅರ್ಥವಾದ ಸಂಗತಿ ಒಂದಿದೆ. ಜಪಾನೀ ದಾಖಲೆಯನ್ನು ಬರೆಯುವವರು ಆಗಲೇ ವಿಷಯ ಗೊತ್ತಿರುವವರಿಗಾಗಿ ಬರೆಯುತ್ತಾರೆ. ಹೊರಗಿನವರು ಓದುತ್ತಾರೆ ಎಂಬ ಊಹೆಯೇ ಅದರಲ್ಲಿರುವುದಿಲ್ಲ. ಯಂತ್ರದ ಕೈಪಿಡಿಯೊಂದರಲ್ಲಿ "ಬಾಗಿಲು ಮುಚ್ಚಿರುವುದನ್ನು ಖಚಿತಪಡಿಸಿ ಚಾಲನೆ" ಎಂಬರ್ಥದ ಸಾಲು ಇರುತ್ತದೆ ಎನ್ನಿ. ಖಚಿತಪಡಿಸುವುದು ಯಾರು, ಕೆಲಸಗಾರನೋ ಸೆನ್ಸರೋ? ಚಾಲೂ ಮಾಡುವುದು ಯಾರು? ಬಾಗಿಲು ಒಂದೋ ನಾಲ್ಕೋ? ಕನ್ನಡದಲ್ಲೂ ನಾವು ಕರ್ತೃಪದವನ್ನು ಬಿಡುತ್ತೇವೆ, ಆದರೆ ಕ್ರಿಯಾಪದದ ಬಾಲ ಹಿಡಿದು ಆಳನ್ನು ಪತ್ತೆ ಮಾಡಬಹುದು. ಜಪಾನಿಯಲ್ಲಿ ಆ ಬಾಲವೂ ಇಲ್ಲ. ಇಂಗ್ಲಿಷಿಗೆ ತರುವಾಗಲಂತೂ ಕರ್ತೃ, ವಚನ ಎರಡನ್ನೂ ಕೊಡದೆ ವಾಕ್ಯವೇ ಮುಗಿಯುವುದಿಲ್ಲ. ಉತ್ತರ ನಿಘಂಟಿನಲ್ಲಿ ಇರುವುದಿಲ್ಲ, ಲೈನಿನಲ್ಲಿ ಇರುತ್ತದೆ. ಹಾಗಾಗಿ ಸೇಫ್ಟಿ ಶೂ ಹಾಕಿಕೊಂಡು ಕೆಳಗಿಳಿದು ಯಂತ್ರವನ್ನೇ ನೋಡಿ ಬರುವ ರೂಢಿ ಮಾಡಿಕೊಂಡೆ.

ಹೋಗಿ ನೋಡಲು ಆಗದ ಕೆಲಸಕ್ಕೆ ಮೋಷಿಓಕುರಿ ಇದೆ. ಅನುವಾದದ ಜೊತೆ ಕಳಿಸುವ ಟಿಪ್ಪಣಿಪಟ್ಟಿ ಇದು. ಹೊಸಬರಿಗೆ ನಾನು ಹೇಳಿಕೊಡುವುದರಲ್ಲಿ ಬಹುಪಾಲು ಇದೇ. ಪುಟ ಮತ್ತು ಸಾಲು, ಮೂಲದಲ್ಲಿ ಇರುವುದು, ಅದಕ್ಕೆ ಸಾಧ್ಯವಿರುವ ಎರಡು ಅರ್ಥ, ನಾನು ಹಿಡಿದ ಅರ್ಥ, ಅದನ್ನೇ ಹಿಡಿಯಲು ಕಾರಣ, ಇಷ್ಟು ಒಂದೊಂದು ಸಾಲಿನಲ್ಲಿ. ಮೂಲ ತಪ್ಪಿದೆ ಎಂದು ಮಾತ್ರ ನೇರವಾಗಿ ಬರೆಯಬಾರದು. 12ನೇ ಪುಟದ ಚಿತ್ರದಲ್ಲಿ ಬೋಲ್ಟು ಆರು, ಪಠ್ಯದಲ್ಲಿ ನಾಲ್ಕು ಇದ್ದರೆ "ಚಿತ್ರಕ್ಕೆ ಹೊಂದಿಸಿ ಆರು ಎಂದು ಹಾಕಿದ್ದೇನೆ, ಒಮ್ಮೆ ನೋಡಿಕೊಟ್ಟರೆ ಉಪಕಾರ" ಅಂದರೆ ಸಾಕು. ಬರೆದವರ ಮುಖವೂ ಉಳಿಯುತ್ತದೆ, ತಪ್ಪೂ ತಿದ್ದಿಹೋಗುತ್ತದೆ. ಪಟ್ಟಿ ಉದ್ದವಾದರೆ ಅನುವಾದಕಿಗೆ ವಿಷಯ ಗೊತ್ತಿಲ್ಲ ಎಂದಾಗುತ್ತದೆ, ಪಟ್ಟಿಯೇ ಇಲ್ಲದಿದ್ದರೆ ಸರಿಯಾಗಿ ಓದಿಲ್ಲ ಎಂದಾಗುತ್ತದೆ. ಕೈಯಲ್ಲಿ ಕೆಲಸ ಕಡಿಮೆ ಇದ್ದ ದಿನಗಳಲ್ಲೂ ಗಿರಾಕಿಗಳು ನನ್ನನ್ನು ಬಿಡದಿದ್ದುದಕ್ಕೆ ನನ್ನ ಇಂಗ್ಲಿಷಿಗಿಂತ ಈ ಪಟ್ಟಿಯೇ ಕಾರಣ ಎಂದು ನನ್ನ ಲೆಕ್ಕ.

ಇನ್ನು ಬೀದಿ. ನಮ್ಮ ಓಣಿಯಲ್ಲಿ ಕೈರಾನ್‌ಬಾನ್ ಸುತ್ತುತ್ತದೆ. ರಟ್ಟಿಗೆ ಸಿಕ್ಕಿಸಿದ ಸುತ್ತೋಲೆಗಳ ಕಟ್ಟು. ಓದಿ, ನಮ್ಮ ಹೆಸರಿನ ಮುಂದೆ ಮುದ್ರೆಯೊತ್ತಿ, ಪಕ್ಕದ ಮನೆಗೆ ದಾಟಿಸಬೇಕು. ಚರಂಡಿ ಸ್ವಚ್ಛತೆಗೆ ಎಷ್ಟು ಹೊತ್ತಿಗೆ ಸೇರಬೇಕು, ಕಸ ಹಾಕುವ ಜಾಗದ ಪಾಳಿ ಯಾರದು, ಸೆಪ್ಟೆಂಬರ್ 1ರ ವಿಪತ್ತು ತಡೆ ದಿನದ ಹೊತ್ತಿಗೆ ಅಣಕು ಕಾರ್ಯಾಚರಣೆ ಎಲ್ಲಿ, ಎಲ್ಲ ಅದರಲ್ಲೇ. (1923ರ ಕಾಂತೋ ಭೂಕಂಪ ಆದದ್ದು ಅದೇ ತಾರೀಖು.) ಮೊದಮೊದಲು ಅದು ಕಾಟ ಅನಿಸುತ್ತಿತ್ತು. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು ಸಾಲು ಸಾಲು ಓದಿ ಹೇಳುತ್ತಿದ್ದರು, ಬರುವಾಗ ಕೆಂಪು ಮಿಸೋ, ಅಂದರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ, ತರುತ್ತಿದ್ದರು. ಒಕಾಜಾಕಿ ಕೋಟೆಯಿಂದ ಎಂಟು ಚೋ, ಅಂದರೆ ಸುಮಾರು 870 ಮೀಟರ್ ದೂರದ ಹಾಚ್ಚೋ ಊರಿನ ಮಿಸೋ. ಎರಡು ಬೇಸಿಗೆ, ಎರಡು ಚಳಿಗಾಲ ಮರದ ದೊಡ್ಡ ಪೀಪಾಯಿಯಲ್ಲಿ, ಮೇಲೆ ಕಲ್ಲು ಪೇರಿಸಿ ಮಾಗಿಸುತ್ತಾರೆ. ನಗರಸಭೆಗಳ ಕಡತ ನನ್ನ ಕೈಗೆ ಬರತೊಡಗಿದಾಗ ನಿಘಂಟು ತೆಗೆಯುವ ಅಗತ್ಯವೇ ಬೀಳಲಿಲ್ಲ. ಆ ಭಾಷೆಯನ್ನೆಲ್ಲ ಅಜ್ಜಿ ಬಾಗಿಲಲ್ಲೇ ಓದಿಸಿಯಾಗಿತ್ತು.

ಐಚಿಯಲ್ಲಿ ವಿದೇಶೀಯರು ಬಹಳ. 1990ರ ವಲಸೆ ಕಾನೂನಿನ ತಿದ್ದುಪಡಿಯ ನಂತರ ಜಪಾನೀ ಮೂಲದ ಬ್ರೆಜಿಲಿಯನ್ನರು ಕಾರಿನ ಕಾರ್ಖಾನೆಗಳಿಗೆ ಬಂದರು. ಜಪಾನಿನಲ್ಲಿ ಬ್ರೆಜಿಲಿಯನ್ನರು ಅತಿ ಹೆಚ್ಚಾಗಿರುವುದು ಈ ಪ್ರಾಂತ್ಯದಲ್ಲೇ. ಅವರಿಗಾಗಿ, ವಿಯೆಟ್ನಾಮಿನವರಿಗಾಗಿ, ನಮ್ಮಂಥವರಿಗಾಗಿ ಸರ್ಕಾರಿ ಪ್ರಕಟಣೆಗಳನ್ನು "ಯಸಾಶೀ ನಿಹೊಂಗೋ", ಅಂದರೆ ಸುಲಭ ಜಪಾನಿಯಲ್ಲಿ ಬರೆಯುತ್ತಾರೆ. ಇದು ಹುಟ್ಟಿದ್ದು 1995ರ ಜನವರಿ 17ರ ಕೋಬೆ ಭೂಕಂಪದ ನಂತರ. ಎಚ್ಚರಿಕೆ ಜಪಾನಿಯಲ್ಲೂ ಇಂಗ್ಲಿಷಿನಲ್ಲೂ ಅರ್ಥವಾಗದೆ ಅನೇಕ ವಿದೇಶೀಯರು ಕಷ್ಟಕ್ಕೆ ಸಿಕ್ಕಿದ್ದರು. ವಾಕ್ಯ ಚಿಕ್ಕದಾಗಿರಬೇಕು, ಒಂದು ವಾಕ್ಯದಲ್ಲಿ ಒಂದೇ ವಿಷಯ ಇರಬೇಕು, ಸಂಸ್ಕೃತದಂತೆ ತೂಕವಾದ ಚೀನೀ ಮೂಲದ ಜೋಡುಪದ ಬಿಟ್ಟು ಮನೆಮಾತಿನ ಕ್ರಿಯಾಪದ ಹಾಕಬೇಕು. "ತೆರವುಗೊಳ್ಳಿ" ಬೇಡ, "ಓಡಿ" ಬೇಕು. ಈ ಕೆಲಸವನ್ನು ಸ್ವಯಂಸೇವಕಿಯಾಗಿ ಶುರು ಮಾಡಿದೆ, ಈಗ ಅದಕ್ಕೆ ಹಣವೂ ಬರುತ್ತದೆ. ನಮ್ಮ ಜಿಲ್ಲಾಡಳಿತದ ಮಳೆ ಎಚ್ಚರಿಕೆಗಳನ್ನು ಓದಿದಾಗಲೆಲ್ಲ ಕೈ ತುರಿಸುತ್ತದೆ.

ಕಂಪನಿ ಬಿಟ್ಟು ಸ್ವತಂತ್ರಳಾದ ಮೇಲಿನ ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ಜಪಾನಿಯಿಂದ ಇಂಗ್ಲಿಷಿಗೆ ಸಾಮಾನ್ಯವಾಗಿ ಮೂಲದ ಅಕ್ಷರಕ್ಕೆ ಇಷ್ಟು ಯೆನ್ ಅಂತ ಲೆಕ್ಕ. ತಿಂಗಳ ಕೊನೆಗೆ ಬಿಲ್ಲು ಮುಚ್ಚಿದರೆ ಮುಂದಿನ ತಿಂಗಳ ಕೊನೆಗೆ ಹಣ, ಹಾಗಾಗಿ ಮೊದಲ ಎರಡು ತಿಂಗಳ ಮನೆಖರ್ಚು ಕೈಯಲ್ಲಿರಲಿ. ಅನುವಾದದ ಸಂಭಾವನೆಯಲ್ಲಿ ಶೇ. 10.21 ತೆರಿಗೆ ಮೊದಲೇ ಕಡಿತವಾಗುತ್ತದೆ. ಆ 0.21 ಏನೆಂದು ಎಲ್ಲರೂ ಕೇಳುತ್ತಾರೆ. 2011ರ ಮಹಾಭೂಕಂಪದ ಪುನರ್ನಿರ್ಮಾಣಕ್ಕೆಂದು 2013ರಿಂದ ಆದಾಯ ತೆರಿಗೆಯ ಮೇಲೆ ಸೇರಿಸಿದ್ದು ಅದು. ಫೆಬ್ರವರಿ 16ರಿಂದ ಮಾರ್ಚ್ 15ರೊಳಗೆ ಲೆಕ್ಕ ಸಲ್ಲಿಸಿದರೆ ಹೆಚ್ಚಿಗೆ ಹಿಡಿದದ್ದು ವಾಪಸು ಬರುತ್ತದೆ. 2023ರ ಅಕ್ಟೋಬರ್‌ನಿಂದ ಬಂದ ಹೊಸ ಇನ್‌ವಾಯ್ಸ್ ಪದ್ಧತಿ ಸಣ್ಣ ಅನುವಾದಕರಿಗೆ ಹೊರೆಯೇ ಆಗಿದೆ. ನೋಂದಾಯಿಸಿದರೆ ಬಳಕೆ ತೆರಿಗೆ ಕಟ್ಟಬೇಕು, ನೋಂದಾಯಿಸದಿದ್ದರೆ ಏಜೆನ್ಸಿ ದರ ಇಳಿಸುವ ಮಾತಾಡುತ್ತದೆ.

ಯಂತ್ರಾನುವಾದ? 2016ರಲ್ಲಿ ಗೂಗಲ್, 2020ರಲ್ಲಿ ಡೀಪ್‌ಎಲ್ ಜಪಾನಿಯಲ್ಲಿ ಒಮ್ಮೆಲೇ ನಯವಾದವು. ಸರಳ ಕೈಪಿಡಿಗಳ ದರ ಬಿದ್ದದ್ದು ನನ್ನ ಬಿಲ್ಲಿನಲ್ಲೇ ಕಾಣುತ್ತದೆ. ಆದರೆ ಯಂತ್ರವೂ ಕರ್ತೃವನ್ನು ಊಹಿಸುತ್ತದೆ, ಊಹಿಸಿದೆ ಎಂದು ಹೇಳುವುದಿಲ್ಲ. ನಯವಾಗಿ ಓದಿಸಿಕೊಳ್ಳುವ ಸಾಲಿನಲ್ಲಿ ಅಂಥ ಊಹೆಯನ್ನು ಹುಡುಕುವುದು ಈಗ ನನ್ನ ಸಂಪಾದನೆಯ ದೊಡ್ಡ ಭಾಗ.

ಕನ್ನಡಕ್ಕೆ ನಾನು ಮಾಡುವ ಕೆಲಸದಲ್ಲಿ ಹಣ ಇಲ್ಲವೆನ್ನುವಷ್ಟು ಕಡಿಮೆ. ಜಪಾನೀ ಸಾಹಿತ್ಯ ಕನ್ನಡಕ್ಕೆ ಬಹುತೇಕ ಇಂಗ್ಲಿಷಿನ ಮೂಲಕವೇ ಬಂದಿದೆ. ನಾನು ಆರಿಸಿಕೊಂಡದ್ದು ಇದೇ ಐಚಿಯ ಹಾಂದಾ ಊರಿನಲ್ಲಿ ಹುಟ್ಟಿದ ನೀಮಿ ನಾನ್ಕಿಚಿಯನ್ನು (1913–1943). ಒಕಾಜಾಕಿಯ ಪಕ್ಕದ ಆಂಜೋದಲ್ಲಿ ಹೆಣ್ಣುಮಕ್ಕಳ ಶಾಲೆಯ ಮೇಷ್ಟ್ರಾಗಿದ್ದು, ಕ್ಷಯದಿಂದ 29ಕ್ಕೇ ತೀರಿಕೊಂಡವರು. 18ನೇ ವಯಸ್ಸಿನಲ್ಲಿ ಅವರು ಬರೆದ, ಗೋನ್ ಎಂಬ ನರಿಯ ಕಥೆ ಜಪಾನಿನ ನಾಲ್ಕನೇ ತರಗತಿಯ ಮಕ್ಕಳಿಗೆಲ್ಲ ಗೊತ್ತು. ಹ್ಯೋಜು ಎಂಬ ಹಳ್ಳಿಗ ಹಿಡಿದ ಈಲು ಮೀನನ್ನು ಗೋನ್ ಕದಿಯುತ್ತದೆ. ಆಮೇಲೆ ಅವನ ತಾಯಿ ಸತ್ತದ್ದು ತಿಳಿದು, ಪಶ್ಚಾತ್ತಾಪದಿಂದ ಗುಟ್ಟಾಗಿ ಕಾಡಿನ ಕಾಯಿ, ಅಣಬೆ ತಂದಿಡುತ್ತದೆ. ಕೊನೆಗೆ ಅವನ ಗುಂಡಿಗೇ ಬಲಿಯಾಗುತ್ತದೆ.

ನಮ್ಮ ಓದುಗರ ತಲೆಯಲ್ಲಿರುವ ನರಿ ಪಂಚತಂತ್ರದ್ದು, ಪಶ್ಚಾತ್ತಾಪ ಪಡುವಂಥದ್ದಲ್ಲ. ಅದನ್ನು ನಿಭಾಯಿಸಬಹುದು. ನನ್ನನ್ನು ಕಾಡಿದ್ದು ಶವಯಾತ್ರೆಯ ಭಾಗ. ಊರ ಹೆಂಗಸರು ಹಲ್ಲಿಗೆ ಕಪ್ಪು ಬಳಿದುಕೊಳ್ಳುವುದನ್ನು, ತಲೆ ಬಾಚಿಕೊಳ್ಳುವುದನ್ನು ನೋಡಿ ನರಿ ಊರಲ್ಲಿ ಹಬ್ಬವೇನೋ ಎಂದುಕೊಳ್ಳುತ್ತದೆ. ಹ್ಯೋಜುವಿನ ಮನೆಯ ಮುಂದೆ ಕುದಿಯುವ ದೊಡ್ಡ ಪಾತ್ರೆ ನೋಡಿದ ಮೇಲೆ ಸಾವು ಎಂದು ಅದಕ್ಕೆ ತಿಳಿಯುತ್ತದೆ. ಆಮೇಲೆ ಸ್ಮಶಾನದಲ್ಲಿ ಜಿಝೋ ಎಂಬ ಬೌದ್ಧ ದೇವತೆಯ ಆರು ವಿಗ್ರಹಗಳ ನೆರಳು, ಸಾಲಾಗಿ ಅರಳಿದ ಹಿಗಾನ್‌ಬಾನಾ, ಹೆಣದ ಮೆರವಣಿಗೆ ದಾಟಿದ ಮೇಲೆ ತುಳಿದುಹೋದ ಆ ಕೆಂಪು ಹೂಗಳು. ಸೆಪ್ಟೆಂಬರ್ ಕೊನೆಗೆ, ವಿಷುವದ ಸಮಯಕ್ಕೆ, ಎಲೆಯೇ ಇಲ್ಲದ ದಂಟಿನ ಮೇಲೆ ಗದ್ದೆ ಬದುವಿನಲ್ಲಿ, ಸಮಾಧಿಗಳ ಬಳಿ ಆ ಹೂ ಏಕಾಏಕಿ ಎದ್ದು ನಿಲ್ಲುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ. ಜಪಾನೀ ಮಗುವಿಗೆ ಆ ಸಾಲಿನಲ್ಲೇ ಋತುವೂ ಸಾವೂ ಒಟ್ಟಿಗೆ ಕಾಣುತ್ತವೆ. ಅಡಿಟಿಪ್ಪಣಿ ಹಾಕದೆ, "ಎಲೆಯಿಲ್ಲದ ದಂಟಿನ ಮೇಲೆ" ಎಂಬಷ್ಟನ್ನು ವಾಕ್ಯದೊಳಗೇ ಸೇರಿಸಿದೆ. ಅದು ನಾನ್ಕಿಚಿ ಬರೆದದ್ದಲ್ಲ, ನನಗೆ ಗೊತ್ತು.

ಹಾಂದಾದಲ್ಲಿ 1994ರಲ್ಲಿ ತೆರೆದ ನಾನ್ಕಿಚಿ ಸ್ಮಾರಕ ಸಂಗ್ರಹಾಲಯ ಇದೆ. ಅವರ ಮೊದಲ ಕರಡಿನಲ್ಲಿ ಗುಂಡೇಟು ತಿಂದ ಗೋನ್‌ಗೆ ಕೊನೆಗೆ ಸಂತೋಷವಾಗುತ್ತದೆ. 1932ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಪಾಠದಲ್ಲಿ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸುತ್ತದೆ, ಅಷ್ಟೇ. ನಾನು ಅಚ್ಚಾದದ್ದನ್ನೇ ಇಟ್ಟುಕೊಂಡೆ. ಯಾರು ತಿದ್ದಿದರೂ ತಿದ್ದಿದ್ದು ಸರಿಯಾಗಿದೆ.

ಕನ್ನಡ ಸಂಪಾದಕರು ನನ್ನಿಂದ ಬಯಸುವುದು ಇಂಥದ್ದನ್ನಲ್ಲ. "ಜಪಾನೀಯರ ಶಿಸ್ತಿನ ಬಗ್ಗೆ ಒಂದು ಬರೆದುಕೊಡಿ" ಅನ್ನುತ್ತಾರೆ. ಇಲ್ಲ ಎಂದು ಹೇಳಲು ಈಗ ಸಂಕೋಚವಿಲ್ಲ. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಇನ್ನೆಷ್ಟು ಸಲ ಬರೆಯುವುದು? ಚರಂಡಿ ಸ್ವಚ್ಛತೆಗೆ ಚಕ್ಕರ್ ಹೊಡೆಯುವವರು ನಮ್ಮ ಓಣಿಯಲ್ಲೂ ಇದ್ದಾರೆ.

ನೇರವಾಗಿ ಜಪಾನಿಯಿಂದ ಕನ್ನಡಕ್ಕೆ ತರಲು ಮನಸ್ಸಿದ್ದು, ಹಕ್ಕು ಕೊಳ್ಳಲು ಹಣವಿಲ್ಲದವರು ಲೇಖಕರು ತೀರಿಕೊಂಡ ವರ್ಷವನ್ನು ಮೊದಲು ನೋಡಿ. ಜಪಾನಿನಲ್ಲಿ ಹಕ್ಕು ಲೇಖಕರ ಮರಣದ ನಂತರ 50 ವರ್ಷ ಇದ್ದದ್ದು 2018ರ ಡಿಸೆಂಬರ್ 30ರಿಂದ 70 ಆಗಿದೆ, ಭಾರತದಲ್ಲಿ 60. ಮಿಶಿಮಾ (1970), ಕಾವಾಬಾತಾ (1972) ಬೇಕೆಂದರೆ ಹಕ್ಕು ಕೇಳಲೇಬೇಕು. ಅಕುತಾಗಾವಾ (1927), ಮಿಯಾಜಾವಾ ಕೆಂಜಿ (1933), ಹಾಯಾಶಿ ಫುಮಿಕೊ (1951) ಯಾರನ್ನೂ ಕೇಳಬೇಕಿಲ್ಲ. 1997ರಲ್ಲಿ ಶುರುವಾದ ಆಓಜೋರಾ ಬುಂಕೋ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಇವರ ಮೂಲಪಾಠ ಬಿಟ್ಟಿ ಸಿಗುತ್ತದೆ, ಕಷ್ಟದ ಕಾಂಜಿಗಳಿಗೆ ಓದುವ ಕ್ರಮವನ್ನೂ ಕೊಟ್ಟಿದ್ದಾರೆ. ಮಕ್ಕಳ ಕಥೆಯಿಂದ ಶುರು ಮಾಡಿ, ಕಾಂಜಿ ಕಡಿಮೆ ಇರುತ್ತವೆ.